ಹಿತ್ತಲ ಡ್ರಮ್ಮಿಗೆ ಏಕಾದಶಿ

1985ರ ಬೇಸಿಗೆಯ ಒಂದು ಸಂಜೆ, ಮದರಾಸಿನ ತಿರುವೊಟ್ಟಿಯೂರಿನ ಕಾರ್ಖಾನೆಯೊಂದರ ಕಕ್ಕಸಿನ ನೀರಿನಲ್ಲಿ ಹುಟ್ಟಿ ಬೆಳೆದ ಕೋಟ್ಯಂತರ ಸೂಕ್ಷ್ಮಜೀವಿಗಳು ಪ್ಲಾಸ್ಟಿಕ್ ಡ್ರಮ್ಮೊಂದರಲ್ಲಿ ಕೂತು, ಆಟೋದಲ್ಲಿ ಕೀಲ್ಪಾಕಿನ ನಮ್ಮ ಮನೆಗೆ ಬಂದವು. ಜೊತೆಗೆ ನನ್ನ ಹೆಂಡತಿಯ ತಮ್ಮ ಶೇಷಗಿರಿಯೂ ಇದ್ದ. ಕೋಟ್ಯಂತರ ಎಂಬುದು ಶೇಷಗಿರಿಯ ಹೇಳಿಕೆ, ನಾನು ಎಣಿಸಿಲ್ಲ. ಉಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಪತ್ರಿಕೆಯ ಸುದ್ದಿ ಮೇಜಿನಲ್ಲಿ ವರ್ಷಗಟ್ಟಲೆ ಕೂತವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಯಾವ ಮಾತನ್ನೂ ಅದು ಯಾರದೆಂದು ಹೇಳದೆ ಅವನು ಮುಂದಕ್ಕೆ ಸಾಗಿಸಲಾರ. ಕಚೇರಿಯಲ್ಲಿ ಇದನ್ನು ಶಿಸ್ತು ಎನ್ನುತ್ತಾರೆ. ಮನೆಯಲ್ಲಿ ಏನೆನ್ನುತ್ತಾರೆ ಎಂಬುದು ಅಚ್ಚಿಗೆ ಯೋಗ್ಯವಲ್ಲ. ಮದುವೆಯಾದ ಹೊಸದರಲ್ಲಿ ಹುಳಿಗೆ ಉಪ್ಪು ಸರಿಯಾಗಿದೆಯೇ ಎಂದು ಹೆಂಡತಿ ವನಜಾ ಕೇಳಿದಾಗ, "ಅಮ್ಮನ ಪ್ರಕಾರ ಸ್ವಲ್ಪ ಕಡಿಮೆ" ಎಂದು ಪ್ರಾಮಾಣಿಕವಾಗಿ ವರದಿ ಮಾಡಿದ್ದೆ. ಅತ್ತೆ ಸೊಸೆ ಇಬ್ಬರೂ ಒಗ್ಗಟ್ಟಾಗಿ ನನ್ನೊಡನೆ ಮಾತು ಬಿಟ್ಟರು. ಅವರಿಬ್ಬರ ನಡುವೆ ಇಂದಿಗೂ ಇರುವ ಅನ್ಯೋನ್ಯತೆಗೆ ಅಂದೇ ತಳಪಾಯ ಬಿತ್ತೆಂದು ನನ್ನ ಊಹೆ. ಹೀಗಾಗಿ ಡ್ರಮ್ಮು ಬಾಗಿಲಿಗೆ ಬಂದಾಗ ನಾನು ಬಾಯಿ ತೆರೆಯಲಿಲ್ಲ. ಬಾಯಿ ತೆರೆದವನು ಆಟೋದವನು. "ಎನ್ನ ಸಾರ್ ಇದು, ನಾತ್ತಂ ತಾಂಗಲೆ!" ಎಂದು, ನಾತ ತಡೆಯಲಾರದೆ ಮೂಗು ಹಿಡಿದುಕೊಂಡೇ ಮೀಟರಿನ ಮೇಲೆ ಇಷ್ಟು ಎಂದು ವಸೂಲು ಮಾಡಿಕೊಂಡು ಹೋದ.

ಡ್ರಮ್ಮಿನ ಹಿನ್ನೆಲೆಯನ್ನು ಇಲ್ಲಿ ಹೇಳಬೇಕು. ಶೇಷಗಿರಿ ಆ ಕಾರ್ಖಾನೆಯಲ್ಲಿ ಎಂಜಿನಿಯರ್. ಬೇಸಿಗೆ ಬಂದರೆ ಅಲ್ಲಿಗೆ ನೀರು ಲಾರಿಯಲ್ಲಿ ಬರಬೇಕು. ಯಂತ್ರಗಳನ್ನು ತಂಪು ಮಾಡುವುದಕ್ಕೇ ಎಷ್ಟು ಲಾರಿ ಬಂದರೂ ಸಾಲದು. ಒಳಗೆ ನೀರಿಗಾಗಿ ಬಾಯಿ ಬಿಡುತ್ತಿದ್ದ ಕಾರ್ಖಾನೆ, ತನ್ನ ಕಕ್ಕಸು ಕ್ಯಾಂಟೀನುಗಳ ನೀರನ್ನು ಮಾತ್ರ ದಿನವೂ ಹೊರಗೆ ಚೆಲ್ಲುತ್ತಿತ್ತು. ಆ ಕೊಳೆನೀರನ್ನೇ ತೊಳೆದು ಮತ್ತೆ ಯಂತ್ರಗಳಿಗೆ ಕೊಡುವುದು ಶೇಷಗಿರಿಯ ಯೋಜನೆ. ಒಂದು ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳನ್ನು ಸಾಕುವುದು. ಅವು ನೀರಿನಲ್ಲಿರುವ ಕೊಳೆಯನ್ನು ತಿನ್ನುತ್ತವೆ. ತಿಂದ ಮೇಲೆ ನೀರನ್ನೂ ಅವನ್ನೂ ಬೇರೆ ಮಾಡಬೇಕಲ್ಲ, ಅದಕ್ಕೆ ವಿದೇಶದಿಂದ ಮರದ ಪೆಟ್ಟಿಗೆಯಲ್ಲಿ ಬಂದ ಒಂದು ಪೊರೆ. ಕೊಳವೆಯ ಆಕಾರದ ಆ ಪೊರೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು. ನೀರು ನುಸುಳಿ ಆಚೆ ಬರುತ್ತದೆ, ಜೀವಿಗಳು ಈಚೆಯೇ ಉಳಿಯುತ್ತವೆ. ಶೇಷಗಿರಿ ಇದನ್ನು ಮೆಂಬ್ರೇನ್ ಎನ್ನುತ್ತಿದ್ದ. ನಮ್ಮ ಅಮ್ಮ ನಲ್ಲಿಯ ಬಾಯಿಗೆ ಕಟ್ಟಿದ್ದ ಪಂಚೆಯ ತುಂಡನ್ನು ತೋರಿಸಿ, "ಇದೇ ತಾನೆ?" ಎಂದಾಗ, "ಹೆಚ್ಚು ಕಡಿಮೆ ಅದೇ ಅತ್ತೆ, ಬೆಲೆ ಮಾತ್ರ ಬೇರೆ" ಎಂದ.

ತಿಂಗಳುಗಟ್ಟಲೆ ಕಷ್ಟಪಟ್ಟು ಜೀವಿಗಳನ್ನು ಬೆಳೆಸಿದ್ದಾಯಿತು. ಪೊರೆ ಆಗಾಗ ಲೋಳೆ ಕಟ್ಟಿಕೊಂಡು ಮುಷ್ಕರ ಹೂಡುತ್ತಿತ್ತು. ಅದನ್ನು ಸರಿಪಡಿಸುವಷ್ಟರಲ್ಲಿ ಕಾರ್ಮಿಕರೇ ಮುಷ್ಕರ ಹೂಡಿದರು. ಜನರಿಲ್ಲದ ಕಾರ್ಖಾನೆಯಲ್ಲಿ ಕಕ್ಕಸಿಗೆ ಹೋಗುವವರು ಯಾರು? ಜೀವಿಗಳಿಗೆ ಅನ್ನವೇ ನಿಂತುಹೋಯಿತು. ಈ ಖರ್ಚೆಲ್ಲ ದಂಡವೆಂದು ಬೊಂಬಾಯಿಯ ಮುಖ್ಯ ಕಚೇರಿಯಲ್ಲಿ ಮೊದಲೇ ಗುಸುಗುಸು ಇತ್ತು. ಬೊಂಬಾಯಿಯವರು ಬಂದು ನೋಡಿದಾಗ ತೊಟ್ಟಿಯಲ್ಲಿ ಹೆಣಗಳು ಮಾತ್ರ ಇದ್ದರೆ ಯೋಜನೆಗೆ ಬೀಗ, ಶೇಷಗಿರಿಗೆ ಬಾಯ್ಲರಿನ ಮುಂದೆ ಜಾಗ. ಆದ್ದರಿಂದ ಬಿತ್ತನೆಗೆ ಬೇಕಾದಷ್ಟನ್ನು ಡ್ರಮ್ಮಿಗೆ ತುಂಬಿ ತಂದಿದ್ದ. ಅವನು ಇದ್ದದ್ದು ಟ್ರಿಪ್ಲಿಕೇನಿನಲ್ಲಿ ಬ್ರಹ್ಮಚಾರಿಗಳು ಬಾಡಿಗೆಗಿರುವ ಮ್ಯಾನ್ಷನ್ನೊಂದರ ಕೋಣೆಯಲ್ಲಿ. ಅಲ್ಲಿ ಇನ್ನೊಬ್ಬ ಮನುಷ್ಯನಿಗೇ ಜಾಗವಿಲ್ಲ, ಕೋಟ್ಯಂತರ ಜೀವಿಗಳ ಮಾತಂತೂ ಬೇಡ.

ನಮ್ಮದು ಮದರಾಸಿನಲ್ಲಿ ತಲೆಮಾರುಗಳಿಂದ ನೆಲೆಸಿದ ವೈಷ್ಣವ ಮನೆತನ. ಅಮ್ಮನ ಮಡಿ ಕೀಲ್ಪಾಕಿನ ಎಷ್ಟು ಬೀದಿಗಳಿಗೆ ಗೊತ್ತಿತ್ತೆಂಬುದನ್ನು ನಾನು ಪರಿಶೀಲಿಸಿಲ್ಲ. ನಮ್ಮ ಬೀದಿಗಂತೂ ಚೆನ್ನಾಗಿ ಗೊತ್ತಿತ್ತು. ಡ್ರಮ್ಮಿನಲ್ಲಿ ಏನಿದೆ ಎಂದು ತಿಳಿದಾಗ ಅವಳು ಹಿತ್ತಲ ಬಾಗಿಲನ್ನು ಹಿಡಿದುಕೊಂಡು ನಿಂತಳು.

"ಏನೋ ಶೇಷು, ನಿಮ್ಮ ಫ್ಯಾಕ್ಟರಿ ಕಕ್ಕಸು ನಮ್ಮನೇಗೇ ಬರಬೇಕಿತ್ತೇನೋ? ಊರಲ್ಲಿ ಬೇರೆ ಜಾಗವೇ ಇಲ್ವೇನೋ?"

"ಕಕ್ಕಸಲ್ಲ ಅತ್ತೆ. ಅದನ್ನ ತಿಂದು ನೀರು ಚೊಕ್ಕಟ ಮಾಡೋ ಜೀವಗಳು."

"ತಿನ್ನೋದು ಅದನ್ನೇ ತಾನೆ? ಇನ್ನೇನು ಹೆಚ್ಚು!"

ನಮ್ಮ ಮಗಳು ಸುಧಾ ಕನ್ನಡವನ್ನು ಚೆನ್ನಾಗಿ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುವವಳು. ಅವಳು ಡ್ರಮ್ಮಿನೊಳಗೆ ಬಗ್ಗಿ ನೋಡಿ, "ಪಾಟಿ, ಅದುಕ್ಕು ಪಸಿಕ್ಕುಮಾ?" ಎಂದು ಕೇಳಿದಳು. ಅಜ್ಜೀ, ಅದಕ್ಕೆ ಹಸಿವಾಗುತ್ತಾ ಎಂದು.

ಅಮ್ಮ ಬಾಗಿಲಿನಿಂದ ಕೈ ತೆಗೆದಳು. ನಮ್ಮ ಮನೆಯಲ್ಲಿ ಕೊಳಕಾಗಿರುವುದು ದೊಡ್ಡ ತಪ್ಪು ನಿಜ. ಹಸಿದಿರುವುದು ಅದಕ್ಕಿಂತ ದೊಡ್ಡ ತಪ್ಪು. "ಏನೋ ಶೇಷು, ಹೌದೇನೋ?" ಎಂದಳು. ಶೇಷಗಿರಿ ತಡ ಮಾಡದೆ, "ಮಧ್ಯಾಹ್ನದಿಂದ ಏನೂ ತಿಂದಿಲ್ಲ ಅತ್ತೆ" ಎಂದ. ಅವನು ಹೇಳಿದ್ದು ಡ್ರಮ್ಮಿನ ಬಗ್ಗೆ. ಅಮ್ಮ, "ಅಯ್ಯೋ ಪಾವಂ" ಎಂದು ಮೊದಲು ಅವನಿಗೇ ಎಲೆ ಹಾಕಿದಳು. ಆಮೇಲೆ ಅಕ್ಕಿ ತೊಳೆದ ನೀರು ಹಿತ್ತಲಿಗೆ ಹೋಯಿತು.

ಮರುದಿನದಿಂದ ಡ್ರಮ್ಮು ಮನೆಯ ಸದಸ್ಯನಾಯಿತು. ಬೆಳಿಗ್ಗೆ ಅಕ್ಕಿ ತೊಳೆದ ನೀರು, ಮಧ್ಯಾಹ್ನ ಗಂಜಿ, ಸಂಜೆ ಚೂರು ಬೆಲ್ಲ. ಅಮ್ಮ ಉದ್ದ ಹಿಡಿಯ ಚಿಪ್ಪಿನ ಸೌಟಿನಿಂದ, ದೂರದಲ್ಲೇ ನಿಂತು ಬಡಿಸುತ್ತಿದ್ದಳು. ಬಡಿಸಿ ಸ್ನಾನ ಮಾಡುತ್ತಿದ್ದಳು. ಜೀವಿಗಳಿಗೆ ಅನ್ನದಷ್ಟೇ ಗಾಳಿಯೂ ಬೇಕೆಂದು ಶೇಷಗಿರಿ ಮೀನಿನ ತೊಟ್ಟಿಗೆ ಇಡುವ ಪಂಪೊಂದನ್ನು ತಂದು ಡ್ರಮ್ಮಿಗೆ ಹಾಕಿದ್ದ. ಅದು ಹಗಲಿರುಳು ಗುಳುಗುಳು ಎನ್ನುತ್ತಿತ್ತು. ಗಾಳಿ ಆಡುತ್ತಿದ್ದಷ್ಟು ಹೊತ್ತು ಡ್ರಮ್ಮಿಗೆ ಮಳೆ ಬಿದ್ದ ಮಣ್ಣಿನ ವಾಸನೆ. ಕರೆಂಟು ಹೋಯಿತೋ, ಊರ ಕೊಳಚೆಯನ್ನೆಲ್ಲ ಹೊತ್ತ ಕೂವಂ ನದಿಯೇ ಹಿತ್ತಲಿಗೆ ಬಂದಂತೆ. ಆಗ ಯಾರಾದರೂ ಉದ್ದನೆಯ ಕೋಲಿನಿಂದ ಕದಡಬೇಕು. ಕಚೇರಿಯಲ್ಲಿ ಮಂತ್ರಿಗಳ ಭಾಷಣವನ್ನು ನಾಲ್ಕು ಸಾಲಿಗೆ ಇಳಿಸಿ ಬಂದವನು ಮನೆಯಲ್ಲಿ ಕೋಲು ಹಿಡಿದು ನಿಲ್ಲುತ್ತಿದ್ದೆ. ಎರಡು ಕೆಲಸಗಳ ನಡುವೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ.

ಹೀಗಿರುವಾಗ ದಶಮಿಯ ಮಧ್ಯಾಹ್ನ, ನನ್ನ ಮೇಜಿಗೇ ಆ ಸುದ್ದಿ ಬಂತು. ಮಾತುಕತೆ ಫಲಿಸಿದೆ, ಮುಷ್ಕರ ಮುಗಿದಿದೆ, ನಾಡಿದ್ದು ಬೆಳಿಗ್ಗೆ ಕಾರ್ಖಾನೆ ತೆರೆಯಲಿದೆ. ಯಾವ ವಿಶೇಷಣವನ್ನೂ ಸೇರಿಸದೆ ಅದನ್ನು ಒಳಪುಟಕ್ಕೆ ಕಳಿಸಿದೆ. ಮನೆಗೆ ಬಂದರೆ ಶೇಷಗಿರಿಗೆ ಅದಕ್ಕಿಂತ ಹೆಚ್ಚು ಗೊತ್ತಿತ್ತು. ಬೊಂಬಾಯಿಯವರು ನಾಡಿದ್ದೇ ವಿಮಾನದಲ್ಲಿ ಬಂದು ಘಟಕವನ್ನು ನೋಡುತ್ತಾರಂತೆ.

"ನಾಳೆ ಒಂದಿನ ಚೆನ್ನಾಗಿ ತಿನ್ನಿಸಿಬಿಟ್ರೆ ಸಾಕು ಅತ್ತೆ. ಗಟ್ಟಿಮುಟ್ಟಾಗಿ ಕರ್ಕೊಂಡು ಹೋಗ್ತೀನಿ."

ಅಮ್ಮ ಗೋಡೆಯ ಕ್ಯಾಲೆಂಡರಿನತ್ತ ತಿರುಗಿಯೂ ನೋಡಲಿಲ್ಲ. "ನಾಳೆ ಏಕಾದಶಿ" ಎಂದಳು.

ಏಕಾದಶಿಯ ದಿನ ನಮ್ಮ ಮನೆಯಲ್ಲಿ ಅಕ್ಕಿ ತೊಳೆಯುವುದಿಲ್ಲ. ಅನ್ನ ಮಾಡುವುದಿಲ್ಲ, ಬಡಿಸುವುದೂ ಇಲ್ಲ. ಶೇಷಗಿರಿ ಮೊದಲು ನಕ್ಕ. ಅಮ್ಮ ನಗದಿದ್ದುದನ್ನು ಕಂಡು ಅವನ ಮುಖ ಬಿಳುಚಿತು.

"ಅತ್ತೆ, ಅವಕ್ಕೆ ಏಕಾದಶಿ ಎಲ್ಲಿಂದ ಬಂತು? ಅವು ಫ್ಯಾಕ್ಟರಿಯವು."

"ಆಗಿದ್ವು. ಈಗ ನಮ್ಮನೆ ಅನ್ನ ತಿಂತಿವೆ. ನಮ್ಮನೆ ಅನ್ನ ತಿಂದ್ಮೇಲೆ ನಮ್ಮನೆ ಪದ್ಧತಿ."

"ಮಕ್ಕಳಿಗೆ, ಕಾಯಿಲೆಯವರಿಗೆ ವಿನಾಯಿತಿ ಉಂಟಲ್ಲ ಅತ್ತೆ?" ಎಂದು ಶೇಷಗಿರಿ ಕೂತಲ್ಲಿಂದ ಮುಂದಕ್ಕೆ ಸರಿದ. "ಇವು ಗಳಿಗೆಗೊಂದು ಸಲ ಹುಟ್ತಾನೇ ಇರ್ತವೆ. ಡ್ರಮ್ಮಲ್ಲಿ ಇರೋದೆಲ್ಲ ಎಳೆಕೂಸುಗಳೇ. ಹಾಲಾದ್ರೂ ಹಾಕಬಹುದಲ್ವೇ?"

ಅಮ್ಮ ನನ್ನ ಕಡೆ ತಿರುಗಿ, "ನಿಜವೇನೋ?" ಎಂದಳು. ಪೇಪರಿನವನಲ್ಲವೆ, ಸುಳ್ಳು ಹೇಳಲಾರ ಎಂಬ ನಂಬಿಕೆ. "ಶೇಷಗಿರಿ ಹಾಗೆ ಹೇಳುತ್ತಾನೆ" ಎಂದೆ. ವನಜಾ ಒಲೆಯ ಕಡೆಯಿಂದ, "ಇವರನ್ನ ಕೇಳಿದ್ರೆ ಮುಗೀತು" ಎಂದಳು.

"ಹಾಗಾದ್ರೆ ಮೊನ್ನೆ ನಾನು ಬಡಿಸಿದವು ಎಲ್ಲಿ ಹೋದ್ವು?" ಎಂದು ಅಮ್ಮ ಕೇಳಿದಳು. "ಸತ್ತವೇನೋ? ದಿನಾ ಮನೇಲಿ ಸೂತಕವೇ?"

"ಇಲ್ಲ ಇಲ್ಲ, ಸಾಯಲ್ಲ ಅತ್ತೆ! ಒಂದು ಒಡೆದು ಎರಡಾಗುತ್ತೆ. ಎರಡು ನಾಲ್ಕಾಗುತ್ತೆ. ಮೊನ್ನೆಯದೇ ಮುಂದುವರೀತಾ ಇರುತ್ತೆ."

"ಮೊನ್ನೆಯದೇ ಇವತ್ತೂ ಇದ್ದ ಮೇಲೆ ಅದು ಕೂಸು ಹೇಗಾಯ್ತೋ? ನನಗಿಂತ ಹಿರಿಯದಿದ್ರೂ ಇರಬಹುದು."

ಐದು ವರ್ಷ ಎಂಜಿನಿಯರಿಂಗ್ ಓದಿದ ಶೇಷಗಿರಿ ಸೋತದ್ದು ಅಮ್ಮನ ವಾದಕ್ಕಲ್ಲ, ತನ್ನ ಎರಡು ವಾದಗಳು ಒಂದಕ್ಕೊಂದು ಡಿಕ್ಕಿ ಹೊಡೆದದ್ದಕ್ಕೆ. ಆಮೇಲೆ ಹಿತ್ತಲಿನಲ್ಲಿ ನಾನು, ಎರಡು ಚಮಚ ಸಕ್ಕರೆ ಹಾಕಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ಮೆಲ್ಲಗೆ ಹೇಳಿದೆ. ಅವನು ಡ್ರಮ್ಮನ್ನೇ ನೋಡುತ್ತ, "ಬೇಡ ಬಾವಾ" ಎಂದ. "ಇಷ್ಟು ದಿನ ಅತ್ತೆ ಕೈಯಾರೆ ಬಡಿಸಿದ್ದಾರೆ. ದಿನಾ ಮೂರು ಮೂರು ಸಲ ಹೆಚ್ಚಿಗೆ ಸ್ನಾನ ಮಾಡಿದ್ದಾರೆ, ಈ ನೀರಿನ ಬರದಲ್ಲಿ. ಅವರ ಬೆನ್ನ ಹಿಂದೆ ನಾನು ಹಾಕಲ್ಲ. ಬಾಯ್ಲರಾದ್ರೆ ಬಾಯ್ಲರು."

ಏಕಾದಶಿಯ ದಿನವಿಡೀ ಅವನು ಡ್ರಮ್ಮಿನ ಪಕ್ಕದಲ್ಲೇ ಕೂತಿದ್ದ. ಆಗಾಗ ಒಂದು ಗಾಜಿನ ಲೋಟದಲ್ಲಿ ಕಂದು ನೀರು ತೆಗೆದು ಬೆಳಕಿಗೆ ಹಿಡಿಯುತ್ತಿದ್ದ. ಏನು ಕಾಣುತ್ತಿದೆ ಎಂದು ಕೇಳಿದರೆ, "ಗೊತ್ತಾಗ್ತಿಲ್ಲ ಬಾವಾ" ಎಂಬುದೇ ಉತ್ತರ. ಅವನೂ ಏನೂ ತಿನ್ನಲಿಲ್ಲ. ಅದು ಭಕ್ತಿಯಲ್ಲ, ಭಯ. ಅಮ್ಮ ಎರಡು ಸಲ ಬಾಗಿಲಿಗೆ ಬಂದು, ಡ್ರಮ್ಮಿನತ್ತ ಇಣುಕಿ ಒಳಗೆ ಹೋದಳು. ದೀಪ ಹಚ್ಚುವ ಹೊತ್ತಿಗೆ ಕರೆಂಟು ಹೋಯಿತು. ಪಂಪಿನ ಗುಳುಗುಳು ನಿಂತಿತು. ಶೇಷಗಿರಿ ಕದಡಿ ಸುಸ್ತಾದ, ನಾನು ಕದಡಿ ಸುಸ್ತಾದೆ, ವನಜಾ ಸೆರಗು ಸಿಕ್ಕಿಸಿಕೊಂಡು ಬಂದು ಕೋಲು ಹಿಡಿದಳು. ಅಷ್ಟರಲ್ಲಿ ಬೆಳಗಿನಿಂದ ಹನಿ ನೀರೂ ಕುಡಿಯದಿದ್ದ ಅಮ್ಮ ಹಿತ್ತಲಿಗಿಳಿದು, ದೂರ ಗೀರ ಯಾವುದನ್ನೂ ನೋಡದೆ, ಡ್ರಮ್ಮಿನ ಮುಂದೆ ನಿಂತು ಕೈ ಚಾಚಿದಳು.

"ಕೊಡೇ ಇಲ್ಲಿ. ಉಪವಾಸ ಹಾಕಿದ್ದು ನಾನು. ಉಸಿರಾದ್ರೂ ನಾನೇ ಕೊಡ್ತೀನಿ."

ಕರೆಂಟು ಬರುವವರೆಗೆ ಕೋಲು ಬಿಡಲಿಲ್ಲ. ಆಮೇಲೆ ಮರುದಿನಕ್ಕೆಂದು ಹಿಡಿದಿಟ್ಟಿದ್ದ ನೀರಿನಲ್ಲಿ ಸ್ನಾನ ಮಾಡಿದಳು. ಯಾರೂ ತಕರಾರು ಮಾಡಲಿಲ್ಲ.

ದ್ವಾದಶಿಯ ಬೆಳಿಗ್ಗೆ ಪಾರಣೆ ಬೇಗ. ಅಮ್ಮ ಅನ್ನ ಇಳಿಸಿ, ದೇವರಿಗೆ ನೈವೇದ್ಯ ಮಾಡಿ, ಗಂಜಿಯನ್ನು ಹಿತ್ತಲಿಗೆ ಕೊಂಡೊಯ್ದು ಬಡಿಸಿದ ಮೇಲೆಯೇ ತನ್ನ ಎಲೆಯ ಮುಂದೆ ಕೂತಳು. ಡ್ರಮ್ಮು ಬೇರೊಂದು ಆಟೋದಲ್ಲಿ ತಿರುವೊಟ್ಟಿಯೂರಿಗೆ ಹೊರಟಿತು. ಹಳೆಯ ಆಟೋದವನು ನಮ್ಮ ಬೀದಿಗೆ ಬರುವುದನ್ನೇ ಬಿಟ್ಟಿದ್ದ.

ಆ ದಿನ ನಾನು ಕಚೇರಿಯಲ್ಲಿ ಯಾವ ಸುದ್ದಿಯನ್ನು ಹೇಗೆ ತಿದ್ದಿದೆನೋ ನೆನಪಿಲ್ಲ. ಮಧ್ಯಾಹ್ನ ಕಳೆದ ಮೇಲೆ ಫೋನು ಬಂತು.

"ಬಾವಾ, ನೀರು ಬಂತು."

"ಯಾವ ಬಣ್ಣ?"

"ಬಣ್ಣವೇ ಇಲ್ಲ ಬಾವಾ!"

"ಖಚಿತವೇ?"

"ಲೋಟ ಕೈಯಲ್ಲೇ ಇದೆ ಬಾವಾ. ಅದರ ಮೂಲಕ ಬೊಂಬಾಯಿ ಸಾಹೇಬರ ಟೈ ಕಾಣ್ತಿದೆ."

ನಾನು ಫೋನಿಟ್ಟು ಕುರ್ಚಿಗೆ ಒರಗಿದೆ. ಪಕ್ಕದ ಮೇಜಿನವರು, ಮಗು ಹುಟ್ಟಿತೇ ಎಂದು ಕೇಳಿದರು. ಸಂಜೆ ಶೇಷಗಿರಿ ಬಂದು ಎಲ್ಲವನ್ನೂ ಹೇಳಿದ. ಯೋಜನೆ ಮುಂದುವರಿಯುತ್ತದೆ, ನೀರು ಯಂತ್ರಗಳಿಗೆ ಹೋಗುತ್ತದೆ, ಅವನು ಇದ್ದಲ್ಲೇ ಇರುತ್ತಾನೆ. ಯಾವಾಗಲೂ ಲೋಳೆ ಕಟ್ಟುತ್ತಿದ್ದ ಪೊರೆ ಈ ಸಲ ಕಟ್ಟಿರಲಿಲ್ಲ. ಹಸಿದ ಜೀವಿಗಳು ಗಬಗಬನೆ ತಿಂದದ್ದರಿಂದಲೋ, ಬೆಲ್ಲ ತಪ್ಪಿದ್ದರಿಂದಲೋ, ಬರೀ ಅದೃಷ್ಟದಿಂದಲೋ ಎಂದು ಕೇಳಿದೆ. ತನಗೆ ತಿಳಿಯದು ಎಂದ. ಅಮ್ಮ ಕೇಳಿದ್ದು ಒಂದೇ: "ಅಲ್ಲಿ ಅವಕ್ಕೆ ಹೊಟ್ಟೆ ತುಂಬ ಸಿಗ್ತಿದೆಯೇನೋ?"

"ಮುಷ್ಕರ ಮುಗಿದಿದೆಯಲ್ಲ ಅತ್ತೆ. ಎಲ್ಲರೂ ಬಂದಿದ್ದಾರೆ, ಎಲ್ಲರೂ ಹೋಗ್ತಿದ್ದಾರೆ."

ಅಮ್ಮನಿಗೆ ಸಮಾಧಾನವಾಯಿತು. ಎಲೆಯ ಮುಂದೆ ಕೂತಿದ್ದ ನನ್ನ ಕಡೆ ಆಗ ಅವಳ ದೃಷ್ಟಿ ಬಿತ್ತು. ಪತ್ರಿಕೆಯ ಕೆಲಸ, ಹೊತ್ತುಗೊತ್ತಿಲ್ಲದ ಪಾಳಿ, ತಲೆನೋವು ಎಂದೆಲ್ಲ ಹೇಳಿ ನಾನು ಮದುವೆಗೂ ಮೊದಲಿನಿಂದ ಏಕಾದಶಿಯ ಉಪವಾಸದಿಂದ ವಿನಾಯಿತಿ ಪಡೆದುಕೊಂಡಿದ್ದೆ.

"ಕಕ್ಕಸಿಂದ ಬಂದ ಜೀವಗಳು ಮಾಡಿದ್ವು. ನಿನಗೇನೋ ಕಷ್ಟ?" ಎಂದಳು. ಉತ್ತರ ಕೊಡಲು ಯಾರ ಹೇಳಿಕೆಯೂ ನನಗೆ ಸಿಗಲಿಲ್ಲ.

ಇದನ್ನು ಬರೆಯುತ್ತಿರುವ ಇಂದು ಏಕಾದಶಿ. ತಿರುವೊಟ್ಟಿಯೂರಿನ ತೊಟ್ಟಿಗೆ ಆಹಾರ ಎಂದಿನಂತೆ ಹೋಗುತ್ತಿದೆ ಎಂದು ಶೇಷಗಿರಿ ಮಧ್ಯಾಹ್ನ ಫೋನಿನಲ್ಲಿ ತಿಳಿಸಿದ್ದಾನೆ. ನಾನು ಬೆಳಿಗ್ಗೆಯಿಂದ ಒಂದು ಲೋಟ ಹಾಲು ಮಾತ್ರ ಕುಡಿದಿದ್ದೇನೆ.