ವೇಲಚೇರಿಯಲ್ಲಿ ಎಲ್ಲರೂ ಇಲಿಯ ಕಡೆ

ಮೈಸೂರಿನಲ್ಲಿ ಮನೆಗೆ ಇಲಿ ನುಗ್ಗಿದರೆ ಎಲ್ಲರೂ ಪೊರಕೆ ಹಿಡಿದು ಒಂದಾಗುತ್ತಿದ್ದೆವು. ಚೆನ್ನೈನ ವೇಲಚೇರಿಯ ಈ ಗ್ರೌಂಡ್ ಫ್ಲೋರ್ ಫ್ಲ್ಯಾಟಿಗೆ ಬಂದಮೇಲೆ ನೋಡುತ್ತಿದ್ದೇನೆ, ಇಲಿ ಬಂದಾಗಲೆಲ್ಲ ಜನ ಅದರ ಪಕ್ಷ ಸೇರುತ್ತಾರೆ. ತಪ್ಪಿತಸ್ಥೆ ನಾನು. ಒಂದು ಸಲವಲ್ಲ, ಪ್ರತಿ ಸಲ!

ಬೋನಿನ ಉಪಚಾರ

ಅಡಿಗೆಮನೆಯಲ್ಲಿ ಗೇಣುದ್ದದ ಕಂದು ಇಲಿ ಕಂಡ ದಿನವೇ ಬೋನು ತಂದು ವಡೆ ಸಿಕ್ಕಿಸಿಟ್ಟೆ. ಮೂರು ದಿನ ಅದು ಬೋನನ್ನು ಸುತ್ತುಬಳಸಿ ಓಡಾಡಿತೇ ಹೊರತು ಒಳಗೆ ಕಾಲಿಡಲಿಲ್ಲ. ಇಲಿ ಹಿಡಿಯುವವನನ್ನು ಕರೆಸಿದರೆ ಅವನು ನನ್ನನ್ನೇ ಗದರಿದ.

"ಹೊಸ ಸಾಮಾನು ಕಂಡ್ರೆ ಅದಕ್ಕೆ ಭಯ ಮೇಡಂ. ಬಾಗಿಲು ಬೀಳದ ಹಾಗೆ ಕಟ್ಟಿ, ಒಂದು ವಾರ ದಿನಾ ತಿಂಡಿ ಇಡಿ. ಅಭ್ಯಾಸ ಆಗಲಿ."

ಇಟ್ಟೆ. ವಡೆ, ಬೋಂಡ, ಹುರಿದ ಕಡಲೆಕಾಯಿ. ದಿನವೂ ಖಾಲಿ. ಎಂಟನೇ ದಿನ ಬೆಳಗ್ಗೆ ಕಟ್ಟು ಬಿಚ್ಚಿ, ವಡೆ ಸಿಕ್ಕಿಸಿ ಈಚೆ ಬಂದೆ. ಬಾಗಿಲು ಪಟ್ಟನೆ ಬಿತ್ತು. ಸಿಕ್ಕಿಬಿದ್ದದ್ದು ನಮ್ಮ ಯಜಮಾನರ ಬೆರಳು.

"ವಡೆ ಇನ್ನೂ ಬಿಸಿಯಾಗಿತ್ತು ಕಣೇ," ಅಂದರು.

ಹಲ್ಲಿನ ಕಷ್ಟ

ಆಮೇಲೆ ಕಾರು. ಶೋಳಿಂಗನಲ್ಲೂರಿನ ಆಫೀಸಿಗೆ ಹೊರಟರೆ ಸ್ಟಾರ್ಟೇ ಆಗಲಿಲ್ಲ. ಬಾನೆಟ್ ಎತ್ತಿದರೆ ವೈರುಗಳೆಲ್ಲ ಶಾವಿಗೆಯಂತೆ ತುಂಡುತುಂಡು! ನನ್ನ ಕೂಗಾಟ ಕೇಳಿ ಮಗಳು ಬಂದಳು. ನಾನು ಕನ್ನಡದಲ್ಲಿ ಬೈದರೆ ಅವಳು ತಮಿಳಿನಲ್ಲಿ ಉತ್ತರ ಕೊಡುವವಳು.

"ಪಾವಂ ಮಾ, ಅದು ಎನ್ನ ಪಣ್ಣುಂ?"

ಪಾಪ, ಅದೇನು ಮಾಡುತ್ತೆ ಅಂತ! ಇಲಿಯ ಮುಂದಿನ ಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವಂತೆ, ಕಡಿದು ಕಡಿದು ಸವೆಸಲೇಬೇಕಂತೆ. ಅವಳ ಟೀಚರ್ ಹೇಳಿದ್ದಂತೆ.

ಅಲ್ಲೇ ನಿಂತು ನಾನೂ ಹಲ್ಲು ಕಡಿಯುತ್ತಿದ್ದೆ. ನನಗೆ ಯಾರೂ ಪಾವಂ ಅನ್ನಲಿಲ್ಲ.

ಎರಡನೇ ಮಹಡಿಯ ಮಡಿ

ಕೊನೆಗೆ ಅಸೋಸಿಯೇಷನ್ನಿಗೆ ದೂರು ಕೊಟ್ಟೆ. ಕಾರ್ಯದರ್ಶಿ ಎರಡನೇ ಮಹಡಿಯ ಮಾಮ. ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ಕನ್ನಡದವರು, ಮಹಾ ಮಡಿವಂತರು. ಅವರ ಮನೆ ಹಾಲ್‌ನಲ್ಲೇ ಮೀಟಿಂಗು.

"ಪೈಪಿಗೆ ಜಾಲರಿ ಹಾಕಿಸಿ ಮಾಮ. ಇಲಿ ಚರಂಡಿ ನೀರಲ್ಲಿ ಈಜಿಕೊಂಡು ಪೈಪಿನೊಳಗಿಂದಲೇ ಹತ್ತಿ ಬರುತ್ತೆ," ಅಂದೆ.

"ಮನೇನ ಸುತ್ತಮಾ ಇಟ್ಕೊಂಡ್ರೆ ಎಲಿ ಯಾಕಮ್ಮಾ ಬರತ್ತೆ? ನಮ್ಮನೆಗೆ ಬರತ್ತಾ?"

ಅವರ ತಮಿಳು ಬೆರೆತ ಕನ್ನಡದಲ್ಲಿ ಸುತ್ತಮಾ ಅಂದರೆ ಶುಚಿಯಾಗಿ, ಎಲಿ ಅಂದರೆ ಇಲಿ. ಹತ್ತು ಜನರೂ ತಿರುಗಿ ನನ್ನನ್ನೇ ನೋಡಿದರು. ದಿನಕ್ಕೆರಡು ಸಲ ನೆಲ ಒರೆಸುವ ನಾನು ಕೊಳಕಿ! ಮೈಯೆಲ್ಲ ಉರಿದುಹೋಯಿತು. ಎದ್ದು ಹೋಗಿಬಿಡೋಣ ಅನ್ನುವಷ್ಟರಲ್ಲಿ, "ಒಂದು ನಿಮಿಷ," ಎಂದು ಮಾಮ ಬಾತ್‌ರೂಮಿಗೆ ಹೋದರು.

ಒಳಗಿಂದ ಚೀರಾಟ. ಎರಡೂ ಕೈಯಲ್ಲಿ ಪಂಚೆ ಹಿಡಿದುಕೊಂಡು ಮಾಮ ಹೊರಗೆ ಓಡಿಬಂದರು. ಅವರ ಹಿಂದೆಯೇ, ಕಮೋಡಿನಿಂದ ಎದ್ದುಬಂದ ಇಲಿ ಹೊಸ್ತಿಲ ಮೇಲೆ ನಿಂತು ಮೈಯ ನೀರು ಕೊಡವಿಕೊಳ್ಳುತ್ತಿತ್ತು.

ಮಾಮ ಸೋಫಾ ಹತ್ತಿ ನಿಂತು ನನ್ನತ್ತ ಬೆರಳು ತೋರಿಸಿದರು:

"ನಿಮ್ಮನೇದು! ಏನಮ್ಮಾ ನೋಡ್ತಾ ಕೂತಿದೀರಿ, ಬಂದು ಕರ್ಕೊಂಡು ಹೋಗಿ!"