ರಾಣಿ ಮೆಟಿಲ್ಡಾಳ ನಿಧಿ

ಫೋನಿನಲ್ಲಿ ಹೇಳುವ ಸುಳ್ಳಿಗೆ ವೀಸಾ ಬೇಡ. ಆದರೆ ಅದನ್ನು ನಂಬಿದವರು ವೀಸಾ ಮಾಡಿಸಿಕೊಂಡು ಬಂದು ಎದುರಿಗೇ ನಿಂತರೆ ಏನು ಮಾಡುವುದು ಎಂದು ರಂಜಿತ್ ಯೋಚಿಸಿರಲಿಲ್ಲ.

ಅಬುಧಾಬಿಯ ಅಲ್ ಮೀನಾದಲ್ಲಿ ಹೋಟೆಲುಗಳಿಗೆ ತರಕಾರಿ ಕಳಿಸುವ ಗೋದಾಮೊಂದರಲ್ಲಿ ಅವನು ಸ್ಟೋರ್‌ಕೀಪರ್. ಬೆಳಗಾದರೆ ನೀರುಳ್ಳಿ, ಬೈಗಾದರೆ ಬಟಾಟೆ. ಕಳೆದ ವರ್ಷ ಒಂದು ಸಂಜೆ ಕಾಪುವಿನಿಂದ ಮಗಳು ಅಶ್ಮಿತಾ ವಿಡಿಯೊ ಕಾಲ್‌ನಲ್ಲಿ, "ಅಪ್ಪಾ, ಅಲ್ಲಿ ನಿಂಗೆ ಎಂತ ಕೆಲಸ?" ಎಂದು ಕೇಳಿದ್ದಳು. ಆ ದಿನ ಅವನು ಕೊಳೆತ ನೀರುಳ್ಳಿ ಆರಿಸಿ ಆರಿಸಿ ಸೋತಿದ್ದ. ತೊಳೆದರೂ ಕೈಯ ವಾಸನೆ ಹೋಗಿರಲಿಲ್ಲ. ಅಷ್ಟು ದೊಡ್ಡ ಕಣ್ಣು ಬಿಟ್ಟು ಕೇಳುವ ಮಗುವಿಗೆ ನೀರುಳ್ಳಿ ಎಂದು ಹೇಳಲು ನಾಲಿಗೆ ಹೊರಳಲಿಲ್ಲ. "ಇಲ್ಲಿ ಮರಳಿನ ಅಡಿಯಲ್ಲಿ ನಿಧಿ ಉಂಟು ಮಗಾ. ಅದನ್ನು ಹುಡುಕುದು ಅಪ್ಪನ ಕೆಲಸ" ಎಂದುಬಿಟ್ಟ.

ಅವನು ಮರೆತ. ಮಗಳು ಮರೆಯಲಿಲ್ಲ. ಶಾಲೆಯಲ್ಲಿ ಒಬ್ಬಳ ಅಪ್ಪ ಬಸ್ಸು ಬಿಡುತ್ತಿದ್ದ, ಇನ್ನೊಬ್ಬಳ ಅಪ್ಪ ಬೋಟಿಗೆ ಹೋಗುತ್ತಿದ್ದ. ಅಶ್ಮಿತಾಳ ಅಪ್ಪ ನಿಧಿ ಹುಡುಕುತ್ತಿದ್ದ. ಟೀಚರ್ ಕೂಡ ಒಮ್ಮೆ ಸಿಕ್ಕಿದಾಗ ಅವನ ಹೆಂಡತಿ ಸುಪ್ರೀತಾಳನ್ನು, "ನಿಮ್ಮವರದ್ದು ಎಂತ, ಪುರಾತತ್ವ ಇಲಾಖೆಯಾ?" ಎಂದು ಕೇಳಿದ್ದರಂತೆ.

ದಸರಾ ರಜೆಗೆ ತಾಯಿ ಮಗಳು ವಿಸಿಟ್ ವೀಸಾದಲ್ಲಿ ಬಂದಿಳಿದರು. ರಂಜಿತ್ ಇದ್ದದ್ದು ಬೆಡ್‌ಸ್ಪೇಸಿನಲ್ಲಿ, ಮಂಚದ ಮೇಲೊಂದು ಮಂಚ. ಹಾಗಾಗಿ ಅವನ ಕಂಪನಿಯ ಆಫೀಸಿನಲ್ಲಿರುವ ಶಿರ್ವದ ಆಗಸ್ಟಿನ್ ತನ್ನ ಫ್ಲ್ಯಾಟಿನ ಒಂದು ಕೋಣೆ ಬಿಟ್ಟುಕೊಟ್ಟಿದ್ದ. ಆಗಸ್ಟಿನ್‌ನ ಹೆಂಡತಿ ಮೆಟಿಲ್ಡಾ ಆಸ್ಪತ್ರೆಯಲ್ಲಿ ನರ್ಸ್. ಮಕ್ಕಳಿಲ್ಲದ ಆ ಮನೆಯಲ್ಲಿ ಅಶ್ಮಿತಾ ಬಂದ ಮೇಲೆ ಫ್ರಿಜ್ಜಿನ ಬಾಗಿಲಿಗೂ ಬಿಡುವಿರಲಿಲ್ಲ.

ದಿನಾ ಬೆಳಿಗ್ಗೆ ಅಶ್ಮಿತಾ ಕೇಳುತ್ತಿದ್ದಳು, "ಇವತ್ತು ಹುಡುಕ್ಲಿಕ್ಕೆ ಹೋಗುದಾ?" ಇವತ್ತು ಬಿಸಿಲು, ಇವತ್ತು ಗಾಳಿ, ಇವತ್ತು ಕಂಪನಿಗೆ ರಜೆ ಎಂದು ರಂಜಿತ್ ತಪ್ಪಿಸಿಕೊಂಡ. ಕೊನೆಗೆ ಶನಿವಾರ ಬಂತು. ಮರುದಿನ ವಿಮಾನ. ಅಶ್ಮಿತಾ ಬೆಳಿಗ್ಗೆಯೇ ಶೂ ಹಾಕಿ ಬಾಗಿಲಿಗೆ ಅಡ್ಡ ಕೂತಿದ್ದಳು.

"ಅಪ್ಪಾ, ನಂಗೂ ಒಂದು ನಿಧಿ ಹುಡುಕುವ ಮಿಷನ್ ತೆಗೆದುಕೊಡು. ಇಬ್ಬರು ಹುಡುಕಿದ್ರೆ ಬೇಗ ಸಿಗ್ತದೆ."

ಸುಪ್ರೀತಾ ಗಂಡನನ್ನು ಅಡುಗೆಮನೆಗೆ ಕರೆದಳು. "ನೀರುಳ್ಳಿ ಅಂತ ಹೇಳಿದ್ರೆ ಎಂತ ಆಗ್ತಿತ್ತು ನಿಮಗೆ? ಈಗ ನೀವು ಸಾಕಿದ ಸುಳ್ಳಿಗೆ ನೀವೇ ಹುಲ್ಲು ಹಾಕಿ."

"ಹಾಗೆ ಹೇಳ್ಬೇಡ ಮಾರಾಯ್ತಿ. ವರ್ಷವಿಡೀ ಅವಳಿಗೆ ನಾನು ಸಿಗುದು ಫೋನಿನಲ್ಲಿ ಮಾತ್ರ. ಅದರಲ್ಲಿ ಬರುವ ಅಪ್ಪ ಸುಳ್ಳ ಅಂತ ಆದ್ರೆ ಮತ್ತೆ ಉಳಿಯುದು ಎಂತ? ನಾಳೆ ವಿಮಾನ ಹತ್ತುವ ತನಕ ಒಂದು ನಿಧಿ ಸಿಕ್ಕಿದ್ರೆ ಸಾಕು."

ಸುಪ್ರೀತಾಳಿಗೆ ನಗುವೂ ಬಂತು, ಕಣ್ಣೂ ತುಂಬಿತು. ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡಳು.

ಲೋಹ ಪತ್ತೆ ಮಾಡುವ ಮಿಷನ್ ತರಲು ಒಬ್ಬರು ಹೊರಟರೆ ಸಾಕಿತ್ತು. ಹೊರಟದ್ದು ಇಡೀ ಮನೆ. ಅಂಗಡಿಯಲ್ಲಿ ಸೇಲ್ಸ್‌ಮನ್ ಪ್ರಿಯನ್, ಕಾಸರಗೋಡಿನವ, ಕನ್ನಡ ಕೇಳಿದ್ದೇ ಅರಳಿದ. ಆದರೆ ಅವನಿಗೆ ಬಾಯಿ ತೆರೆಯಲು ಆಗಸ್ಟಿನ್ ಬಿಡಬೇಕಲ್ಲ.

"ರಂಜಿತಾ, ದೊಡ್ಡದೇ ತೆಗಿ ಮಾರಾಯ. ಮಕ್ಕಳಿಗೆ ಯೂನಿಫಾರ್ಮ್ ಹೊಲಿಸುವಾಗ ದೊಗಲೆ ಹೊಲಿಸುದಿಲ್ವಾ? ಹಾಗೆಯೇ. ಬೆಳೆದ ಮೇಲೂ ಆಗ್ತದೆ."

ಆಗಸ್ಟಿನ್ ಆರಿಸಿದ ಮಿಷನ್ನಿಗೆ ಪರದೆ, ಹೆಡ್‌ಫೋನು, ಕ್ಯಾಲ್ಕುಲೇಟರಿಗೂ ಇಲ್ಲದಷ್ಟು ಬಟನ್. ಅಶ್ಮಿತಾ ಎತ್ತಿದಳು. ದೊಡ್ಡ ಮೀನು ಗಾಳ ಹಾಕಿದವನನ್ನೇ ನೀರಿಗೆ ಎಳೆದ ಹಾಗೆ ಅದು ಅವಳನ್ನು ಎಳೆದುಕೊಂಡು ಹೋಗಿ ಟಾರ್ಚುಗಳ ಸ್ಟ್ಯಾಂಡಿಗೆ ಗುದ್ದಿತು.

ಉರುಳಿದ ಟಾರ್ಚುಗಳನ್ನು ಹೆಕ್ಕುತ್ತಾ ಪ್ರಿಯನ್ ಹೇಳಿದ, "ಸರ್, ಮಕ್ಕಳಿಗೆ ಮೊದಲ ಮಿಷನ್ ಹಗುರ ಇರ್ಬೇಕು. ಕೋಲು ಗಿಡ್ಡ ಮಾಡ್ಲಿಕ್ಕೆ ಬರ್ಬೇಕು. ಬಟನ್ ಎರಡಿದ್ರೆ ಸಾಕು. ಎಲ್ಲದಕ್ಕಿಂತ ಮುಖ್ಯ, ಬೇಗ ಕೂಗ್ಬೇಕು. ಕೂಗದಿದ್ರೆ ಮಕ್ಕಳು ಹತ್ತು ನಿಮಿಷದಲ್ಲಿ ಬಿಸಾಡ್ತಾರೆ."

ಮೆಟಿಲ್ಡಾ ಪರೀಕ್ಷೆಯೊಂದನ್ನು ಹೂಡಿದಳು. "ಪುಟ್ಟಿ, ಕೋಲು ಆಡಿಸ್ತಾ ಎರಡರ ಮಗ್ಗಿ ಹೇಳು. ಮುಗಿಯುವ ತನಕ ಮೊಣಕೈ ಕೆಳಗೆ ಬೀಳದಿದ್ರೆ ಅದು ನಿಂದು." ಒಂದು ಮಿಷನ್ ಎರಡೈದಲ ಹತ್ತಕ್ಕೇ ಕೈ ಸೋಲಿಸಿತು. ಹಳದಿ ಬಣ್ಣದ್ದೊಂದು ಎರಡು ಹತ್ತಲ ಇಪ್ಪತ್ತಕ್ಕೂ ಅಲುಗಲಿಲ್ಲ. ಆದರೆ ಬಲಗಡೆಗೆ ಬಂದಾಗಲೆಲ್ಲ "ಕುಂಯ್" ಎಂದಿತು.

"ಹಾಳು ಪೀಸ್!" ಎಂದ ಆಗಸ್ಟಿನ್. ಇನ್ನೊಂದು ತಂದರು, ಅದೂ ಕುಂಯ್. ಬ್ಯಾಟರಿ ಬದಲಿಸಿದರು, ಕುಂಯ್. ನೆಲದಡಿ ಕಬ್ಬಿಣ ಇರಬೇಕು ಎಂದು ಒಬ್ಬ ಗಿರಾಕಿ, ಮೊಬೈಲ್ ಇರಬೇಕು ಎಂದು ಇನ್ನೊಬ್ಬ. ಎಲ್ಲರೂ ಜೇಬು ಖಾಲಿ ಮಾಡಿದರು. ಆಗಸ್ಟಿನ್ ಬೆಲ್ಟು ಬಿಚ್ಚಲು ಹೊರಟಾಗ ಸುಪ್ರೀತಾ ಬಗ್ಗಿ ಮಗಳ ಪ್ಯಾಂಟಿನ ತುದಿ ಎತ್ತಿದಳು. ಬಲಗಾಲಿನಲ್ಲಿ ಬೆಳ್ಳಿ ಗೆಜ್ಜೆ. ಎಡಗಾಲಿನದ್ದರ ಕೊಕ್ಕೆ ಮುರಿದು ಮನೆಯಲ್ಲಿತ್ತು.

"ಮಿಷನ್ ಒಳ್ಳೆದುಂಟು. ಹಾಳಾದದ್ದು ನಮ್ಮ ತಲೆ" ಎಂದಳು ಅವಳು. ಗೆಜ್ಜೆ ಬಿಚ್ಚಿ ಚೀಲ ಸೇರಿತು, ಹಳದಿಯದ್ದೇ ಖಾಯಂ ಆಯಿತು.

ಅಶ್ಮಿತಾ ಗೋಡೆಯ ಮಿಷನ್ನುಗಳನ್ನೆಲ್ಲ ನೋಡಿ, "ಅಪ್ಪಾ, ನಿನ್ನದು ಇದ್ರಲ್ಲಿ ಯಾವುದು?" ಎಂದಳು.

ರಂಜಿತ್‌ನ ಕಣ್ಣು ಬಾಗಿಲಿನ ಕಡೆ ಹೊರಳಿತು. "ನನ್ನದು... ಕಂಪನಿಯದ್ದು ಮಗಾ. ಭಾರಿ ದೊಡ್ಡದು. ಲಾರಿಯಲ್ಲಿ ಬರುದು."

"ಸರ್ ಯಾವ ಕಂಪನಿ?" ಎಂದು ಪ್ರಿಯನ್ ಭಕ್ತಿಯಿಂದ ಕೇಳಿದ. ರಂಜಿತ್ ಅಂಗಡಿಯಿಂದ ಓಡಿದ.

ಇನ್ನು ನಿಧಿ. ಅದನ್ನು ಒದಗಿಸಿದವನು ರಂಜಿತ್‌ನ ಮೇಲಿನ ಮಂಚದವನು, ಪಿಕಪ್ ಓಡಿಸುವ ಉಳ್ಳಾಲದ ಅಬ್ಬಾಸ್. ಅವನ ಪೆಟ್ಟಿಗೆಯಲ್ಲಿ ತಾಯಿಗೆಂದು ಕೊಂಡಿಟ್ಟ ಒಂದು ಹಿತ್ತಾಳೆಯ ಅರಬ್ಬಿ ಕಾಫಿ ಹೂಜಿ ಇತ್ತು. ಬಾತುಕೋಳಿಯ ಕೊಕ್ಕಿನಂಥ ಮೂತಿ. ನೋಡಿದರೆ ನೂರು ವರ್ಷದ್ದೆಂದೇ ಅನಿಸಬೇಕು.

"ರಂಜಿತಣ್ಣ, ಇದು ನಾನು ಉಮ್ಮನಿಗೆ ತೆಗೆದದ್ದು. ಹೂಳುವಾಗ ನಿಮ್ಮ ಮಗಳದ್ದು, ತೆಗೆದ ಮೇಲೆ ನನ್ನ ಉಮ್ಮನದ್ದು. ಆಯ್ತಾ?"

ಊಟವಾದ ಮೇಲೆ, ಲಾರಿ ಮಿಷನ್ನಿನ ವಿಷಯ ಮಾತಾಡಲಿಕ್ಕುಂಟು ಎಂದು ಸುಳ್ಳಿಗೆ ಇನ್ನೊಂದು ಮರಿ ಹಾಕಿಸಿ, ರಂಜಿತ್ ಅಬ್ಬಾಸನೊಂದಿಗೆ ಮುಂಚೆಯೇ ಹೊರಟ. ಅಲ್ ಐನ್ ರಸ್ತೆಯ ಪಕ್ಕದ ಮರಳುಗಾಡಿನಲ್ಲಿ ಒಂದು ಪುಟ್ಟ ದಿಬ್ಬದ ಮೇಲೆ ಇಬ್ಬರೂ ಹೂಜಿ ಹೂತರು.

"ಗುರುತು?" ಎಂದ ರಂಜಿತ್.

"ಅಗೋ, ಆ ಬಿಳಿ ದೊಡ್ಡ ಗಾಡಿ ಕಾಣುದಿಲ್ವಾ? ಅದರ ಮೂತಿಗೆ ನೇರ. ಖಲಾಸ್."

ಇಬ್ಬರೂ ನಿಶ್ಚಿಂತೆಯಿಂದ ರಸ್ತೆ ಬದಿಯ ಕೆಫೆಟೀರಿಯಾಕ್ಕೆ ಹೋಗಿ ಚಹಾ ಕುಡಿದರು. ಆಗಸ್ಟಿನ್‌ನ ಕಾರು ಬಂತು. ಎಲ್ಲರೂ ಕೂಡಿ ಮರಳಿಗೆ ಮರಳಿದಾಗ ಅಬ್ಬಾಸನ ಕಾಲು ನಿಂತಲ್ಲೇ ಹೂತುಹೋಯಿತು. ವಾರದ ರಜೆಯ ಸಂಜೆ. ಅಬುಧಾಬಿಯ ಅರ್ಧ ಊರೇ ಅಲ್ಲಿತ್ತು. ಮದುವೆಯ ಪಂಕ್ತಿಯಲ್ಲಿ ಬಿಳಿ ಪಂಚೆಯುಟ್ಟು ಕೂತ ನೆಂಟರ ಹಾಗೆ ಎಲ್ಲಿ ನೋಡಿದರೂ ಬಿಳಿ ದೊಡ್ಡ ಗಾಡಿಗಳು, ಒಂದೊಂದರ ಮೂತಿ ಒಂದೊಂದು ಕಡೆಗೆ. ಗಾಳಿ ಇವರ ಹೆಜ್ಜೆಗಳನ್ನೆಲ್ಲ ಒರೆಸಿ, ದಿಬ್ಬಗಳನ್ನು ಅವಳಿ ಮಕ್ಕಳಂತೆ ತೀಡಿಟ್ಟಿತ್ತು.

"ಅಬ್ಬಾಸಾ, ಎಲ್ಲಿ?"

"ನೀವು ನೋಡಿದ್ದಿಲ್ವಾ ರಂಜಿತಣ್ಣ?"

"ನೀನು ಗುರುತು ಹೇಳಿದ್ದಲ್ವಾ!"

ಅಶ್ಮಿತಾ ಆಗಲೇ ಕೆಲಸಕ್ಕಿಳಿದಿದ್ದಳು. ಕುಂಯ್: ಸೋಡಾ ಮುಚ್ಚಳ. ಕುಂಯ್: ಮಾಂಸ ಸುಡುವ ಕಂಬಿ. ಕುಂಯ್, ಕುಂಯ್, ಕುಂಯ್: "ಅಪ್ಪಾ, ದೊಡ್ಡದುಂಟು, ಎಳಿ!" ರಂಜಿತ್ ಎರಡೂ ಕೈಯಲ್ಲಿ ಎಳೆದ. ಬಂದದ್ದು ಉದ್ದದ ಮೊಳೆ, ಅದಕ್ಕೊಂದು ಹಗ್ಗ, ಹಗ್ಗದ ಆಚೆ ತುದಿಯಲ್ಲಿ ಒಂದು ಡೇರೆ. ಡೇರೆ ನಿಧಾನಕ್ಕೆ ಮೊಣಕಾಲೂರಿ ಒಳಗೆ ಚಹಾ ಕುಡಿಯುತ್ತಿದ್ದ ಅರಬ್ಬಿ ಅಜ್ಜನ ಮೇಲೆ ಮಲಗಿತು.

ರಂಜಿತ್‌ಗೆ ಬರುತ್ತಿದ್ದ ಅರಬ್ಬಿಯೆಲ್ಲ ಒಮ್ಮೆಲೇ ಬಾಯಿಂದ ಹೊರಬಿತ್ತು. ಬಟ್ಟೆಯ ಅಡಿಯಿಂದ ಹೊರಬಂದ ಅಜ್ಜ ಹಳದಿ ಮಿಷನ್ ನೋಡಿದರು, ಅದನ್ನು ಹಿಡಿದವಳನ್ನು ನೋಡಿದರು, ಹೊಟ್ಟೆ ಹಿಡಿದು ನಕ್ಕರು. "ಮಾಫಿ ಮುಷ್ಕಿಲ್, ಮಾಫಿ ಮುಷ್ಕಿಲ್!" ಏನೂ ತೊಂದರೆಯಿಲ್ಲ ಎಂದು ಅಶ್ಮಿತಾಳ ಕೈ ತುಂಬ ಖರ್ಜೂರ ಕೊಟ್ಟು, ಮೊಳೆಯನ್ನು ಮಾತ್ರ ವಾಪಸು ಇಸಿದುಕೊಂಡರು.

ಸೂರ್ಯ ಕೆಳಗಿಳಿದ. ಅಬ್ಬಾಸ್ ಚಪ್ಪಲಿ ಕಳಚಿ, ಕಾಲಿನಿಂದಲೇ ಮರಳು ಕೆದರುತ್ತಾ "ಉಮ್ಮಾ, ಉಮ್ಮಾ" ಎನ್ನುತ್ತಿದ್ದ. ಅಶ್ಮಿತಾಳ ಮೊಣಕೈ ಕೊನೆಗೂ ಬಿತ್ತು. ಮುಖ ಅದಕ್ಕಿಂತ ಮೊದಲೇ ಬಿದ್ದಿತ್ತು. ಮೂರನೆಯ ಸಲ ಅವಳು ಕೇಳಿದಳು, "ಅಪ್ಪಾ, ನಿಜವಾಗಿ ಉಂಟಲ್ವಾ?"

ಆ ಮುಖ ನೋಡಲಾಗದೆ ಆಗಸ್ಟಿನ್ ಸುಮ್ಮನೆ ಕಾರಿನ ಹಿಂದೆ ಹೋದ. ಹೆಂಡತಿಯ ತಿಂಡಿ ಚೀಲದಿಂದ ಕೈಗೆ ಸಿಕ್ಕಿದ ಸ್ಟೀಲಿನ ಡಬ್ಬಿ ತೆಗೆದು, ಮರಳಿನಲ್ಲಿ ಒತ್ತಿ, ಮೇಲೆ ಮರಳು ಎಳೆದು, ಏನೂ ಅರಿಯದವನಂತೆ ಕೂಗಿದ, "ಪುಟ್ಟೀ, ಈ ಬದಿ ನೋಡಿದ್ದಿಯಾ?"

ಮಿಷನ್ ಮಗು ಹುಟ್ಟಿದ ಹಾಗೆ ಕಿರುಚಿತು.

ಅಶ್ಮಿತಾ ಕೈಯಲ್ಲೇ ಅಗೆದಳು. ಡಬ್ಬಿ ಹೊರಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಅದನ್ನು ತಿರುಗಿಸಿ ಬೆಳಕಿಗೆ ಹಿಡಿದಳು. ನಮ್ಮ ಕಡೆ ಮದುಮಗಳಿಗೆ ಪಾತ್ರೆ ಕೊಡುವವರು ಅವಳ ಹೆಸರು ಕೊರೆಸದೆ ಕೊಡುತ್ತಾರೆಯೇ?

"ಮೆ... ಟಿಲ್... ಡಾ" ಎಂದು ಅಶ್ಮಿತಾ ಚುಕ್ಕಿ ಚುಕ್ಕಿಯ ಅಕ್ಷರ ಕೂಡಿಸಿ ಓದಿದಳು. ಚಪ್ಪಾಳೆ ನಿಂತಿತು.

ರಂಜಿತ್ ಡಬ್ಬಿಯ ಕಡೆ ಬಗ್ಗಿದ. "ಅದು ಮಗಾ... ಹಿಂದಿನ ಕಾಲದಲ್ಲಿ ಇಲ್ಲಿ ರಾಣಿ ಮೆಟಿಲ್ಡಾ ಅಂತ ಒಬ್ಬರಿದ್ದರು."

"ಹೌದು ಪುಟ್ಟಿ" ಎಂದ ಆಗಸ್ಟಿನ್. "ಭಾರಿ ಜೋರಿನ ರಾಣಿ. ರಾಜ ಪಾಪದವ."

"ಆ ರಾಜ ಮನೆಗೆ ಬರ್ಲಿ" ಎಂದಳು ಮೆಟಿಲ್ಡಾ.

ಅಶ್ಮಿತಾ ಮುಚ್ಚಳ ತೆರೆದಳು. "ಚಕ್ಕುಲಿ!"

"ರಾಣಿಯ ಕೈಗುಣ. ಇಷ್ಟು ವರ್ಷವಾದ್ರೂ ಗರಿಗರಿ ಉಂಟು ನೋಡು" ಎಂದು ಆಗಸ್ಟಿನ್ ಒಂದು ಮುರಿದು ಬಾಯಿಗೆ ಹಾಕಿದ.

ಅಶ್ಮಿತಾ ಡಬ್ಬಿಯನ್ನು ಎದೆಗೆ ಅವಚಿ ಅಮ್ಮನ ಹತ್ತಿರ ಓಡಿದಳು. "ಅಮ್ಮಾ, ನಿಧಿ ಸಿಕ್ಕಿತು! ಖಲಾಸ್! ಅಪ್ಪನ ಕೆಲಸ ಮುಗಿಯಿತು. ನಾಳೆ ಅಪ್ಪನೂ ನಮ್ಮೊಟ್ಟಿಗೆ ಬರ್ತಾನೆ. ಕಿಟಕಿ ಸೀಟು ಅಪ್ಪನಿಗೆ!"

ಸುಪ್ರೀತಾ ಗಂಡನ ಕಡೆ ನೋಡಿ ಕಣ್ಣು ತಿರುಗಿಸಿಕೊಂಡಳು.

ರಂಜಿತ್ ಮರಳಿನಲ್ಲಿ ಮೊಣಕಾಲೂರಿ ಕೂತ. ಇನ್ನು ಸುಳ್ಳಿಗೆ ಜಾಗವಿರಲಿಲ್ಲ. "ಮಗಾ, ಅದು ನಿಧಿ ಅಲ್ಲ. ಮೆಟಿಲ್ಡಾ ಆಂಟಿಯ ಡಬ್ಬಿ. ಅಪ್ಪ ನಿಧಿ ಹುಡುಕುವವ ಅಲ್ಲ. ನೀರುಳ್ಳಿ ಲೆಕ್ಕ ಮಾಡುವವ. ನಾನು ಸುಳ್ಳು ಹೇಳಿದ್ದು."

"ಗೊತ್ತುಂಟು" ಎಂದಳು ಅಶ್ಮಿತಾ.

"ಎಂತ ಗೊತ್ತುಂಟು?"

"ಆಂಟಿ ಬೆಳಿಗ್ಗೆ ಚಕ್ಕುಲಿ ತುಂಬಿಸಿದ್ದು ನಾನೇ ನೋಡಿದ್ದೇನೆ. ನಿಂಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ." ಅವಳು ಅಪ್ಪನ ಕೆನ್ನೆಯ ಮರಳು ಒರೆಸಿದಳು. "ಆದ್ರೆ ಅಪ್ಪಾ, ನಿಧಿಯೇ ಇಲ್ಲದಿದ್ರೆ ನೀನು ಇಲ್ಲಿ ಯಾಕೆ ಇರುದು? ನೀರುಳ್ಳಿ ಕಾಪುವಿನಲ್ಲಿಯೂ ಉಂಟಲ್ಲ?"

ಆಗಸ್ಟಿನ್ ಶೂಸಿನ ಲೇಸು ನೋಡಿದ. ಮೆಟಿಲ್ಡಾ ಚೀಲ ಕಟ್ಟತೊಡಗಿದಳು, ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದಳು. ಮಗು ಕೇಳಿದ್ದು ಅಪ್ಪನನ್ನು, ನಾಟಿದ್ದು ಎಲ್ಲರಿಗೂ.

ರಂಜಿತ್ ಮೆಲ್ಲಗೆ ಹೇಳಿದ, "ಇಲ್ಲ ಮಗಾ. ನಿಧಿ ಉಂಟು. ಇಲ್ಲೇ ಎಲ್ಲೋ ಉಂಟು. ಇನ್ನೂ ಸಿಕ್ಕಲಿಲ್ಲ, ಅಷ್ಟೆ."

"ಉಂಟು ಪುಟ್ಟಿ, ನನ್ನ ಉಮ್ಮನಾಣೆ ಉಂಟು!" ಎಂದು ಅಬ್ಬಾಸ್ ದಿಬ್ಬದ ಮೇಲಿನಿಂದ ದನಿಗೂಡಿಸಿದ.

ಅಶ್ಮಿತಾ ಇಬ್ಬರನ್ನೂ ತೂಗಿ ನೋಡಿದಳು. ಮತ್ತೆ ಹಳದಿ ಮಿಷನ್ ತಂದು ಅಪ್ಪನ ಕೈಗಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ ಹಿಡಿಸಿದಳು.

"ಹಾಗಾದ್ರೆ ಇದು ನಿನ್ನ ಹತ್ರವೇ ಇರ್ಲಿ. ದಿನಾ ಹುಡುಕು. ಭಾನುವಾರ ರಜೆ ಮಾಡ್ಬೇಡ."