ತಿರುಗಲೊಲ್ಲದ ಜೀಪಿನಲ್ಲಿ ತೊಟ್ಟಿಲು

ಜೀಪಿನ ಹೊಟ್ಟೆಯೊಳಗೆ ಏನಿದೆಯೆಂದು ಅಜ್ಜಿಗೇನು ಗೊತ್ತು ಎಂದು ನಗುತ್ತೀರಲ್ಲ, ಮಕ್ಕಳೇ? ನನಗೆ ಗೊತ್ತಿತ್ತು. ಅದರಿಂದಲೇ ಅನಾಹುತವಾಯಿತು!

ನಿಮ್ಮ ಅಜ್ಜ ಬಿಟ್ಟುಹೋದ ಹಳೆಯ ಜೀಪನ್ನು ನಾನೇ ಓಡಿಸುತ್ತಿದ್ದೆ. ಒಮ್ಮೆ ಶಾಮನೂರಿನ ಹೊಲದ ಕೆಸರಿನಲ್ಲಿ ಅದು ಹೂತುಕೊಂಡಿತು. ಹಿಂದಿನ ಒಂದು ಗಾಲಿ ಗಿರಗಿರ ತಿರುಗುತ್ತದೆ, ಇನ್ನೊಂದು ಜೋಡೆತ್ತಿನಲ್ಲಿ ಒಂದು ಮಲಗಿಬಿಟ್ಟ ಹಾಗೆ ಸುಮ್ಮನಿದೆ. ನಾಲ್ವರು ಗಂಡಸರು ಬಂದು ತಳ್ಳಿದರು. ಅವರನ್ನು ಕರೆಯುವಷ್ಟರಲ್ಲಿ ನಾಚಿಕೆಯಿಂದ ನಾನೂ ಅರ್ಧ ಹೂತುಹೋಗಿದ್ದೆ. ಇನ್ನು ಈ ಜನ್ಮದಲ್ಲಿ ಯಾರ ನೆರವನ್ನೂ ಕೇಳಬಾರದೆಂದು ನಿರ್ಧರಿಸಿದೆ.

ಪಕ್ಕದ ಗ್ಯಾರೇಜಿನ ರಹಮತ್ ಸಾಬರಿಗೆ ಹೇಳಿದೆ: "ಹಿಂದಿನ ಗಾಲಿಗಳ ನಡುವೆ ಡಿಫರೆನ್ಷಿಯಲ್ ಐತಲ್ರಿ, ಅದರೊಳಗಿನ ಹಲ್ಲುಚಕ್ರ ವೆಲ್ಡಿಂಗ್ ಮಾಡಿಬಿಡ್ರಿ. ಎರಡೂ ಗಾಲಿ ಒಟ್ಟಿಗೇ ತಿರುಗಲಿ."

"ಬ್ಯಾಡ ಅಮ್ಮಾರೆ! ತಿರುವಿನಾಗ ಹೊರಗಿನ ಗಾಲಿ ಜಾಸ್ತಿ ಓಡಬೇಕು, ಒಳಗಿಂದು ಕಮ್ಮಿ. ಬೆಸೆದ್ರೆ ಗಾಡಿ ಹೆಂಗೆ ತಿರುಗತೈತಿ?"

"ನಮ್ಮೂರಾಗ ಜೋಡೆತ್ತಿಗೆ ಒಂದೇ ನೊಗ. ಅವು ತಿರುಗಲ್ಲೇನ್ರಿ?"

ಅವರು ಹಣೆ ಚಚ್ಚಿಕೊಂಡು ಬೆಸೆದರು. ನೊಗ ಕಟ್ಟುವುದು ಎತ್ತಿನ ಹೆಗಲಿಗೆ, ಕಾಲಿಗಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು!

ಅದೇ ವಾರ ಹರಿಹರದಲ್ಲಿ, ನಿಮ್ಮ ಅಮ್ಮನ ತವರಿನಲ್ಲಿ, ನಿಮ್ಮೆಲ್ಲರಲ್ಲಿ ದೊಡ್ಡವನ ನಾಮಕರಣ. ನಮ್ಮ ಮನೆತನದ ಮರದ ತೊಟ್ಟಿಲಲ್ಲೇ ಕೂಸನ್ನು ಮಲಗಿಸಬೇಕು. ಮುಹೂರ್ತ ಹತ್ತಕ್ಕೆ. "ಗಾಡಿ ಕಳಸ್ತೀವ್ರಿ" ಎಂದರು ಬೀಗರು. "ಬ್ಯಾಡ್ರಿ, ನಾನೇ ತರ್ತೀನಿ" ಎಂದೆ.

ನಮ್ಮ ಬಡಾವಣೆಯ ಮೊದಲ ತಿರುವಿನಲ್ಲೇ ಟೈರುಗಳು ಕುಯ್ಯೋ ಎಂದು ಅತ್ತವು. ಆಮೇಲೆ ಹೆದ್ದಾರಿ, ನೇರ ರಸ್ತೆಯಲ್ಲಿ ಜೀಪು ಸದ್ಗೃಹಸ್ಥನಂತೆ ಓಡಿತು. ರಹಮತ್ ಸಾಬರಿಗೇನು ಗೊತ್ತು ಎಂದುಕೊಂಡೆ!

ಒಂಬತ್ತೂ ಮುಕ್ಕಾಲಿಗೆ ಬೀಗರ ಓಣಿ ಬಂತು. ಸ್ಟೀರಿಂಗ್ ಎಡಕ್ಕೆ ತಿರುಗಿಸಿದೆ. ಜೀಪು ನೇರ ಹೋಯಿತು! ಹಿಂದೆ ಸರಿದು ಮತ್ತೆ ತಿರುಗಿಸಿದೆ. ಮುಂಭಾಗ ಓಣಿಗೆ ಹೊಕ್ಕಿತು, ಹಿಂಭಾಗ ಒಪ್ಪಲಿಲ್ಲ. ಬಲಬಾಗಿಲು ಗೋಡೆಗೆ, ಎಡಬಾಗಿಲು ಕರೆಂಟ್ ಕಂಬಕ್ಕೆ ಕಚ್ಚಿಕೊಂಡವು.

ಬೀಗಿತ್ತಿ ಓಡಿ ಬಂದರು. "ಅಕ್ಕಾರೆ, ಮುಹೂರ್ತ ಮೀರತೈತ್ರಿ! ಸುಮ್ನೆ ಕುಂತೀರಲ್ಲ, ಯಾರನ್ನಾರ ಕರೀರಿ!"

ಕಣ್ಣು ಮುಚ್ಚಿ ಕೂಗಿದೆ: "ಯಪ್ಪಾ, ಒಂಚೂರು ಕೈ ಹಚ್ರಪ್ಪಾ!"

ಇಪ್ಪತ್ತು ಜನ ಬಂದರು. ತಳ್ಳಿದರು. ಜೀಪು ಕದಲಲಿಲ್ಲ. ಕೊನೆಗೆ ಹಿಂಬಾಗಿಲಿನಿಂದ ತೊಟ್ಟಿಲನ್ನು ಇಳಿಸಿ, ತಲೆಯ ಮೇಲೆ ಹೊತ್ತು ಓಡಿದರು.

"ನೀವೂ ಸೀಟು ದಾಟಿ ಹಿಂದಿಂದ ಇಳೀರಿ ಅಕ್ಕಾರೆ!" ಎಂದರು ಬೀಗಿತ್ತಿ.

ಅಷ್ಟು ಜನರ ಮುಂದೆ, ಸೀರೆಯುಟ್ಟು, ಸೀಟು ಹಾರುವುದೇ! "ನೀವು ನಡೀರಿ, ನಾನು ಗಾಡಿ ಕಾಯ್ತೀನಿ" ಎಂದೆ. ಅಲುಗಾಡದ ಗಾಡಿಯನ್ನು ಯಾವ ಕಳ್ಳ ಒಯ್ಯುತ್ತಾನೆ ಎಂದು ಯಾರೂ ಕೇಳಲಿಲ್ಲ. ಅದು ಅವರ ದೊಡ್ಡತನ.

ಮುಹೂರ್ತ ತಪ್ಪಲಿಲ್ಲ. ಆಲ್ಬಮ್ಮಿನಲ್ಲಿ ನೋಡಿ, ತೊಟ್ಟಿಲಿನ ಸುತ್ತ ನಮಗೆ ಯಾರೂ ಅಲ್ಲದ ಇಪ್ಪತ್ತು ಜನ ಹಲ್ಲು ಬಿಟ್ಟು ನಿಂತಿದ್ದಾರೆ. ಅಜ್ಜಿ ಎಲ್ಲಿ ಎಂದು ಪ್ರತಿಸಲ ಹುಡುಕುತ್ತೀರಿ. ಕೊನೆಯ ಪುಟ ತೆಗೆಯಿರಿ. ಜೀಪಿನ ಕಿಟಕಿಯಿಂದ ಒಂದು ಕೈ ಹೊರಬಂದಿದೆ, ಅದರಲ್ಲಿ ಅರ್ಧ ಹೋಳಿಗೆ ಇದೆ.

ಅದು ನಾನೇ.